ಖಾಲಿ ಹಾಸಿಗೆಯ ಲೆಕ್ಕ

ಒಂದು ಜಿಲ್ಲೆಯಲ್ಲಿ ಸಾಂಕ್ರಾಮಿಕ ರೋಗಿಗಳಿಗೆಂದು ಎರಡು ಸಾವಿರ ಹಾಸಿಗೆ ಮೀಸಲಿವೆ ಎಂದಿಟ್ಟುಕೊಳ್ಳಿ. ಇವತ್ತು ಭರ್ತಿಯಾಗಿರುವುದು ಐನೂರು. ಸಂಜೆಯ ವಿಡಿಯೊ ಸಂವಾದದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ‘ಮುಕ್ಕಾಲು ಪಾಲು ಹಾಸಿಗೆ ಖಾಲಿ ಇವೆ ಸರ್, ಪರಿಸ್ಥಿತಿ ಹತೋಟಿಯಲ್ಲಿದೆ’ ಎಂದು ವರದಿ ಒಪ್ಪಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಸೋಂಕು ಐದು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದು, ಸೋಂಕು ತಗುಲಿದವರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹತ್ತು ದಿನ ಹಿಡಿಯುವುದಾದರೆ, ಆ ಐನೂರು ಮಂದಿ ಹತ್ತು ದಿನದ ಹಿಂದಿನ ಸುದ್ದಿ. ಇನ್ನು ಐದು ದಿನಕ್ಕೆ ಸಾವಿರ, ಹತ್ತು ದಿನಕ್ಕೆ ಎರಡು ಸಾವಿರ. ಖಾಲಿ ಕಾಣುವ ಆ ಹಾಸಿಗೆಗಳಲ್ಲಿ ಮಲಗಬೇಕಾದವರಿಗೆ ಸೋಂಕು ಈಗಾಗಲೇ ತಗುಲಿಯಾಗಿದೆ. ನಾಳೆ ಬೆಳಿಗ್ಗೆಯೇ ಇಡೀ ಜಿಲ್ಲೆಗೆ ಬೀಗ ಜಡಿದರೂ ಅವರು ಬಂದೇ ಬರುತ್ತಾರೆ.

ಇದಕ್ಕೆ ಬೇಕಾದದ್ದು ಹೈಸ್ಕೂಲಿನ ಗಣಿತ, ಅಷ್ಟೆ. ಸಾಂಕ್ರಾಮಿಕಗಳ ಗಣಿತ ಮಾದರಿ ಎಂದು ವಿಜ್ಞಾನಿಗಳು ಕರೆಯುವುದರ ತಿರುಳೂ ಇದೇ: ಕಣ್ಣಿಗೆ ಕಾಣುವ ಇಂದಿನ ಸಂಖ್ಯೆಯೊಳಗೆ ಹುದುಗಿರುವ ಮುಂದಿನ ಸಂಖ್ಯೆಯನ್ನು ಹೊರತೆಗೆಯುವುದು, ನಾವು ಒಂದು ವಾರ ಕೈಕಟ್ಟಿ ಕೂತರೆ ತೆರಬೇಕಾದ ಬೆಲೆ ಎಷ್ಟೆಂದು ಹೇಳುವುದು. ಆದರೆ ನಾವು, ಅಂದರೆ ಸರ್ಕಾರಗಳೂ ಪತ್ರಿಕೆಗಳೂ ಓದುಗರೂ, ಅದನ್ನು ಕೇಳುವುದು ಬೇರೆಯದೇ ಪ್ರಶ್ನೆ: ‘ಅಲೆ ಗರಿಷ್ಠ ಮಟ್ಟ ಮುಟ್ಟುವುದು ಯಾವ ತಾರೀಖಿಗೆ?’ ಆ ತಾರೀಖು ತಪ್ಪಿದಾಗ ಮಾದರಿಯನ್ನು ಕಸದ ಬುಟ್ಟಿಗೆ ಎಸೆಯುತ್ತೇವೆ, ಅದರ ಜೊತೆ ಅದು ಹೇಳಿದ ಬುದ್ಧಿಮಾತನ್ನೂ.

ಸರಿಯಾದ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ 2014ರ ಪಶ್ಚಿಮ ಆಫ್ರಿಕಾ ನೋಡಬೇಕು. ಆ ಸೆಪ್ಟೆಂಬರ್‌ನಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಎಬೋಲಾ ರೋಗಿಗಳನ್ನು ಜಾಗವಿಲ್ಲದೆ ಚಿಕಿತ್ಸಾ ಕೇಂದ್ರಗಳ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಆಗ ಒಂದು ಮಾದರಿ ಪ್ರಕಟಿಸಿತು. ಅದಕ್ಕೆ ಸೂಪರ್ ಕಂಪ್ಯೂಟರ್ ಬೇಕಿರಲಿಲ್ಲ. ಎಕ್ಸೆಲ್ ಹಾಳೆಯಲ್ಲೇ ಮಾಡಿದ ಲೆಕ್ಕ. ರೋಗಿಗಳನ್ನು ಮೂರು ಗುಂಪು ಮಾಡಿದ್ದರು: ಚಿಕಿತ್ಸಾ ಕೇಂದ್ರದಲ್ಲಿರುವವರು, ಮನೆಯಲ್ಲೇ ಇದ್ದರೂ ಸೋಂಕು ಹರಡದಂತೆ ಆರೈಕೆ ಪಡೆದು ಸತ್ತರೆ ಸುರಕ್ಷಿತವಾಗಿ ಮಣ್ಣಾಗುವವರು, ಯಾವ ಎಚ್ಚರಿಕೆಯೂ ಇಲ್ಲದೆ ಮನೆಯಲ್ಲಿರುವವರು. ಏನೂ ಮಾಡದಿದ್ದರೆ 2015ರ ಜನವರಿ 20ರ ಹೊತ್ತಿಗೆ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಎರಡರಲ್ಲೇ ದಾಖಲಾಗುವ ಪ್ರಕರಣಗಳು ಐದೂವರೆ ಲಕ್ಷ. ದಾಖಲಾಗದವರನ್ನೂ ಸೇರಿಸಿದರೆ 14 ಲಕ್ಷ ಎಂದಿತು ಆ ಲೆಕ್ಕ.

ಜಗತ್ತಿನ ತಲೆಬರಹಗಳೆಲ್ಲ 14 ಲಕ್ಷವನ್ನು ಹಿಡಿದುಕೊಂಡವು. ಕೊನೆಗೆ ಗಿನಿಯೂ ಸೇರಿ ಮೂರು ದೇಶಗಳಲ್ಲಿ ದಾಖಲಾದದ್ದು ಸುಮಾರು 28,600 ಪ್ರಕರಣ, 11,300 ಸಾವು. ‘ಮಾದರಿ ಮುಗ್ಗರಿಸಿತು’ ಎಂದು ಗೇಲಿ ಮಾಡಿದವರು ಅದೇ ವರದಿಯ ಇನ್ನೆರಡು ಸಾಲನ್ನು ಓದಲಿಲ್ಲ. ಮೊದಲ ಎರಡು ಗುಂಪಿಗೆ ನೂರಕ್ಕೆ 70 ರೋಗಿಗಳನ್ನು ತರಬಲ್ಲಿರಾದರೆ ರೋಗ ತಾನಾಗಿ ಕುಗ್ಗತೊಡಗುತ್ತದೆ ಎಂಬುದು ಒಂದು. ಆ ಕೆಲಸ ಮೂವತ್ತು ದಿನ ತಡವಾದಂತೆಲ್ಲ ರೋಗ ತುತ್ತತುದಿ ಮುಟ್ಟಿದಾಗಿನ ದಿನದ ಪ್ರಕರಣಗಳು ಸುಮಾರು ಮೂರು ಪಟ್ಟಾಗುತ್ತವೆ ಎಂಬುದು ಇನ್ನೊಂದು. ಎಷ್ಟು ಹಾಸಿಗೆ, ಎಷ್ಟು ಶವಸಂಸ್ಕಾರದ ತಂಡ, ಎಷ್ಟು ದಿನದೊಳಗೆ ಎಂದು ಲೆಕ್ಕ ಹಾಕಬೇಕಾದ ಅಧಿಕಾರಿಗೆ ಬೇಕಿದ್ದದ್ದು ಈ ಎರಡು ಸಾಲು.

ಮಾದರಿ ಎಡವಿದ ಜಾಗವೂ ಇತ್ತು. ಜನ ಬದಲಾಗುವುದಿಲ್ಲ ಎಂದು ಅದು ಭಾವಿಸಿತ್ತು, ಜನ ಬದಲಾದರು. ಹೆಣ ತೊಳೆದು, ಮುಟ್ಟಿ ಬೀಳ್ಕೊಡುವ ತಲೆಮಾರುಗಳ ಪದ್ಧತಿಯನ್ನು ಲೈಬೀರಿಯಾದ ಎಷ್ಟೋ ಊರುಗಳು ಬಿಟ್ಟುಕೊಟ್ಟವು, ಹೊರಗಿನಿಂದ ಬಂದವರ ಮೇಲೆ ಊರಿನವರೇ ನಿಗಾ ಇಟ್ಟರು. ಅಮೆರಿಕದ ಸೇನೆ ಕಟ್ಟಿದ ಚಿಕಿತ್ಸಾ ಕೇಂದ್ರಗಳು ಸಿದ್ಧವಾಗುವಷ್ಟರಲ್ಲಿ ರೋಗ ಇಳಿಮುಖವಾಗಿತ್ತು. ಹೆಚ್ಚಿನವು ಒಬ್ಬನೇ ಒಬ್ಬ ಎಬೋಲಾ ರೋಗಿಯನ್ನೂ ಕಾಣಲಿಲ್ಲ. ಜನರ ಭಯ, ವಿವೇಕ, ಹಟ ಯಾವುದನ್ನೂ ಸಮೀಕರಣಕ್ಕೆ ಸುಲಭವಾಗಿ ಸೇರಿಸಲಾಗದು.

ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಕರ್ನಾಟಕ 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಸೆರೋ ಸಮೀಕ್ಷೆ ನಡೆಸಿತು. ರಾಜ್ಯದ ಶೇ 27.3ರಷ್ಟು ಜನರಿಗೆ, ಎಂದರೆ ಸುಮಾರು 1.93 ಕೋಟಿ ಮಂದಿಗೆ, ಸೋಂಕು ಆಗಲೇ ತಗುಲಿತ್ತು ಅಥವಾ ಬಂದು ಹೋಗಿತ್ತು ಎಂದು ಅಂದಾಜಿಸಿತು. ಪರೀಕ್ಷೆಯಲ್ಲಿ ಸಿಕ್ಕ ಒಂದೊಂದು ಪ್ರಕರಣದ ಹಿಂದೆ ಸುಮಾರು 40 ಸೋಂಕು ಇದ್ದವು. ಒಳ್ಳೆಯ ಕೆಲಸ; ಇಂಥ ಸಮೀಕ್ಷೆ ಇಲ್ಲದೆ ಯಾವ ಮಾದರಿಯೂ ನಿಲ್ಲದು. ಆದರೆ ಶೇ 27 ಎಂದರೆ ಉಳಿದ ಶೇ 73 ಮಂದಿಗೆ ಸೋಂಕು ಇನ್ನೂ ಬಂದಿಲ್ಲ ಎಂದೂ ಅರ್ಥ. ಮುಂದಿನ ತಿಂಗಳು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನೇಮಿಸಿದ್ದ ಸಮಿತಿ, ಮುನ್ನೆಚ್ಚರಿಕೆಗಳನ್ನೆಲ್ಲ ಪಾಲಿಸಿದರೆ 2021ರ ಫೆಬ್ರುವರಿ ಕೊನೆಗೆ ಸಾಂಕ್ರಾಮಿಕ ಹತೋಟಿಗೆ ಬರಬಹುದು ಎಂದಿತು. ‘ಪಾಲಿಸಿದರೆ’ ಎಂಬುದು ಸುದ್ದಿಯಲ್ಲಿ ಉದುರಿಹೋಯಿತು, ‘ಫೆಬ್ರುವರಿ’ ಉಳಿದುಕೊಂಡಿತು.

2020ರ ನವೆಂಬರ್ ಕೊನೆಯ ಹೊತ್ತಿಗೆ ನಮ್ಮ ರಾಜ್ಯದ ತಾಂತ್ರಿಕ ಸಲಹಾ ಸಮಿತಿ ಎರಡನೇ ಅಲೆಯ ಎಚ್ಚರಿಕೆ ಕೊಟ್ಟಿತ್ತು: ಜನವರಿ, ಫೆಬ್ರುವರಿಯಲ್ಲಿ ಬರಬಹುದು, ಆಸ್ಪತ್ರೆಗಳನ್ನು ಸಜ್ಜಾಗಿಡಿ, ಪರೀಕ್ಷೆ ಇಳಿಸಬೇಡಿ. ಅಲೆ ಆ ತಿಂಗಳುಗಳಲ್ಲಿ ಬರಲಿಲ್ಲ. ‘ಹೇಳಿದ್ದು ಸುಳ್ಳಾಯಿತಲ್ಲ’ ಎಂಬ ನಿರಾಳ ಎಲ್ಲೆಡೆ ಹರಡಿತು. ಮಾರ್ಚ್‌ನಲ್ಲಿ ಅಲೆ ಎದ್ದಿತು. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಪ್ರಕರಣ, ಅದರಲ್ಲಿ ಬೆಂಗಳೂರಿನದೇ 23,106. ಆಮ್ಲಜನಕದ ಸಿಲಿಂಡರಿಗೂ ಚಿತಾಗಾರದ ಸರದಿಗೂ ಜನ ಅಲೆದಾಡಿದ್ದನ್ನು ಇಲ್ಲಿ ಮತ್ತೆ ಬಣ್ಣಿಸಬೇಕಿಲ್ಲ. ಸಮಿತಿ ಹೇಳಿದ ತಿಂಗಳು ತಪ್ಪಿತ್ತು, ಕೊಟ್ಟ ಸಲಹೆ ಸರಿಯಿತ್ತು. ನಾವು ತಿಂಗಳಿಗೆ ಅಂಕ ಕೊಟ್ಟು ಸಲಹೆಯನ್ನು ಫೇಲು ಮಾಡಿದೆವು.

ಹಾಗೆಂದು ಸಮೀಕರಣ ತೋರಿಸಿದವರಿಗೆಲ್ಲ ತಲೆಬಾಗಬೇಕಿಲ್ಲ. ಈ ವಿದ್ಯೆಯ ಒಂದು ಬೇರು ನಮ್ಮ ದೇಶದಲ್ಲೇ ಇದೆ. ಹಿಮಾಚಲದ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆಯನ್ನು ನಡೆಸಿದ್ದ ವೈದ್ಯ ಮೆಕೆಂಡ್ರಿಕ್, ಕರ್ಮಾಕ್ ಎಂಬ ವಿಜ್ಞಾನಿಯ ಜೊತೆ ಸೇರಿ 1927ರಲ್ಲಿ ಬರೆದ ಪ್ರಬಂಧವೇ ಇಂದಿನ ಬಹುಪಾಲು ಮಾದರಿಗಳ ತಾಯಿಬೇರು. ಅದನ್ನು ಅವರು ಒರೆಗೆ ಹಚ್ಚಿದ್ದು 1905ರ ಡಿಸೆಂಬರ್‌ನಿಂದ 1906ರ ಜುಲೈವರೆಗೆ ಮುಂಬೈಯಲ್ಲಿ ಪ್ಲೇಗಿಗೆ ವಾರವಾರ ಸತ್ತವರ ಲೆಕ್ಕಕ್ಕೆ. ರೇಖೆ ಅಚ್ಚು ಹಾಕಿದಂತೆ ಕೂತಿತು. ಆದರೆ ಪ್ಲೇಗು ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ದಾಟುವ ರೋಗ. ಹವೆ ಬದಲಾದಂತೆ ಏರಿಳಿಯುವಂಥದ್ದು. ಮನುಷ್ಯರ ಸಾವಿಗೆ ಹೊಂದಿದ ಆ ಸರಳ ಸಮೀಕರಣದಲ್ಲಿ ಇಲಿಗೆ ತನ್ನದೇ ಸ್ಥಾನವಿರಲಿಲ್ಲ. ರೇಖೆ ಚೆನ್ನಾಗಿ ಕೂತಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. ಅದನ್ನೇ ನಂಬಿ ಯೋಜನೆ ಮಾಡುವ ಆಡಳಿತ ಜನರನ್ನು ಬೇರೆ ಮಾಡುತ್ತಾ ಕೂತು ಇಲಿಯನ್ನು ಮರೆಯುತ್ತದೆ.

ಇಲಿಯನ್ನು ಮರೆಯದಿರಲು ದಾರಿ ಇದೆ. ನಮ್ಮ ಮಲೆನಾಡಿನಲ್ಲೇ ಅದನ್ನು ತೋರಿಸಿದ್ದಾರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಭುಗಿಲೆದ್ದದ್ದು ಅನೇಕರಿಗೆ ನೆನಪಿರಬಹುದು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ನಿವೇದಿ ಮತ್ತು ಏಟ್ರೀ, ರಾಜ್ಯದ ಆರೋಗ್ಯ ಇಲಾಖೆ, ಬ್ರಿಟನ್ನಿನ ಸಂಶೋಧಕರು ಸೇರಿ ಈ ರೋಗದ ಅಪಾಯದ ನಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದರು. ಯಾವ ಅಂಶಗಳನ್ನು ಲೆಕ್ಕಕ್ಕೆ ತರಬೇಕು, ನಕ್ಷೆ ಹೇಗಿದ್ದರೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಮೊದಲೇ ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಗಳವರ ಜೊತೆ ಕೂತು ಗೊತ್ತುಮಾಡಿಕೊಂಡಿದ್ದು ಅದರ ವಿಶೇಷ. ದಟ್ಟ ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಜಾಗಗಳಲ್ಲಿ ಅಪಾಯ ಹೆಚ್ಚು ಎಂದು ಅದು ತೋರಿಸಿತು. ದರಗೆಲೆಗೆ, ಸೌದೆಗೆ ಕಾಡಿಗೆ ಹೋಗುವವರು ಈ ರೋಗ ಹರಡುವ ಉಣುಗಿನಿಂದ ಹೇಗೆ ಪಾರಾಗಬೇಕು, ಎಚ್ಚರಿಕೆಯ ಮಾತು ಮೊದಲು ಯಾವ ಊರಿಗೆ ಮುಟ್ಟಬೇಕು ಎಂದು ತೀರ್ಮಾನಿಸಬೇಕಾದ ಆರೋಗ್ಯ ಕೇಂದ್ರಕ್ಕೆ ಕೈಗೆಟುಕುವ ಉತ್ತರ ಇದು.

ಆದ್ದರಿಂದ ಸರ್ಕಾರವನ್ನು ಕೇಳಬೇಕಾದದ್ದು ಮೂರು. ಮೊದಲನೆಯದು, ಮುಂಚೆಯೇ ಸಂಖ್ಯೆಗೂ ಆದೇಶಕ್ಕೂ ಗಂಟು ಹಾಕಿ. ಡೆಂಗಿಯೋ ಜ್ವರವೋ ತಾಲ್ಲೂಕಿನಲ್ಲಿ ಇಷ್ಟು ಮಟ್ಟ ದಾಟಿದರೆ ಇಷ್ಟು ಹಾಸಿಗೆ, ಇಷ್ಟು ಹಣ, ಇಂಥ ಅಧಿಕಾರಿಯ ಸಹಿ ಎಂದು ರೋಗ ಇಲ್ಲದಿರುವಾಗಲೇ ಬರೆದಿಡಿ; ರೋಗ ಬಂದ ಮೇಲೆ ಕಡತ ಹೊತ್ತು ವಿಧಾನಸೌಧ ಸುತ್ತುವಂತಾಗಬಾರದು. ಎರಡನೆಯದು, ತಾಲ್ಲೂಕುವಾರು ಅಂಕಿಅಂಶ ಖಾಸಗಿ ಆಸ್ಪತ್ರೆಗಳದ್ದೂ ಸೇರಿ ಎಲ್ಲರಿಗೂ ಸಿಗಲಿ. ಒಂದೇ ತಂಡದ ಲೆಕ್ಕ ನಂಬಿ ಕೂರುವುದಕ್ಕಿಂತ ನಾಲ್ಕು ತಂಡಗಳು ಲೆಕ್ಕ ಹಾಕಿ ಪರಸ್ಪರ ಜಗಳವಾಡುವುದು ಮೇಲು. ಮೂರನೆಯದು, ಗಣಿತಜ್ಞರನ್ನು ತುರ್ತಿನಲ್ಲಿ ಕರೆಸಿ ಆಮೇಲೆ ಮರೆಯುವ ಬದಲು ಇಲಾಖೆಯೊಳಗೇ ಕಾಯಂ ಘಟಕ ಇರಲಿ. ಆಶಾ ಕಾರ್ಯಕರ್ತೆಯೂ ಪಶುವೈದ್ಯರೂ ಅದರ ಮೇಜಿನ ಸುತ್ತ ಕೂರಲಿ.

ಇಷ್ಟೆಲ್ಲ ಸಿದ್ಧತೆ ಮಾಡಿ ರೋಗ ಬರದಿದ್ದರೆ ಹಣ ಪೋಲಲ್ಲವೇ ಎಂದು ಹಣಕಾಸು ಇಲಾಖೆ ಕೇಳುತ್ತದೆ. ಕೇಳುವುದು ಅದರ ಧರ್ಮ. ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಕೈಯಾಡಿಸಿದವನು ಆ ವರ್ಷ ಮಳೆ ಕಮ್ಮಿಯಾಯಿತೆಂದು ಕೂಲಿಯ ದುಡ್ಡಿಗೆ ಮರುಗುವುದಿಲ್ಲ. ಲೈಬೀರಿಯಾದ ಖಾಲಿ ಕೇಂದ್ರಗಳಿಗೆ ವ್ಯರ್ಥವಾದದ್ದು ಹಣ. 2021ರಲ್ಲಿ ಸಿದ್ಧತೆಯಿಲ್ಲದೆ ನಾವು ಕಳೆದುಕೊಂಡದ್ದು ಜನರನ್ನು. ಎರಡನ್ನೂ ಒಂದೇ ಖಾತೆಯಲ್ಲಿ ಬರೆಯಲಾಗದು.

ಮುಂದಿನ ಸಾಂಕ್ರಾಮಿಕದ ಮೊದಲ ಪತ್ರಿಕಾಗೋಷ್ಠಿಯಲ್ಲಿ ಯಾರಾದರೂ ಎದ್ದು ‘ಗರಿಷ್ಠ ಯಾವಾಗ ಸಾರ್?’ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯನ್ನು ನಾವು ಪತ್ರಕರ್ತರು ಬಿಡೋಣ. ‘ಯಾವ ಸಂಖ್ಯೆ ದಾಟಿದರೆ ಏನು ಮಾಡುತ್ತೀರಿ, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ, ಸಹಿ ಯಾರದು?’ ಎಂದು ಕೇಳೋಣ. ಉತ್ತರ ಇಲ್ಲದಿದ್ದರೆ ಅವತ್ತಿನ ತಲೆಬರಹ ಅದೇ.