ಎಡೆದೊರೆ ಎಂಬ ಹೆಸರಿದ್ದೂ ‘ದೋಆಬ್’ ಏಕೆ?

ಈಚೆಗೆ ರಾಯಚೂರಿನ ಸಭೆಯೊಂದರಲ್ಲಿ ಭಾಷಣಕಾರ ಮಹಾಶಯರೊಬ್ಬರು ನಮ್ಮ ಸೀಮೆಯ ಹೆಸರುಗಳ ಮೂಲವನ್ನೆಲ್ಲ ಅರ್ಧ ಗಂಟೆಯಲ್ಲಿ ಬಗೆಹರಿಸಿಬಿಟ್ಟರು. ಮಾನ್ವಿ ಮನುವಿನ ಊರು. ದೇವದುರ್ಗ ದೇವತೆಗಳು ಕಟ್ಟಿದ ಕೋಟೆ. ರಾಯಚೂರಂತೂ ಕೃಷ್ಣದೇವರಾಯನದೇ ಸರಿ! ಸಭೆ ಚಪ್ಪಾಳೆ ತಟ್ಟಿತು. ಮಾನ್ವಿಯನ್ನು ‘ಮಾನವಿ’ ಎಂದೂ ಬರೆಯುವ ರೂಢಿಯುಂಟು. ಮನುವನ್ನು ಕರೆತರಲು ಅವರಿಗೆ ಅಷ್ಟು ಸಾಕಾಯಿತು. ಇನ್ನು ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದದ್ದು 1520ರಲ್ಲಿ. ಅದೇ ಕೋಟೆಯ ಗೋಡೆಯಲ್ಲಿ, ನಲವತ್ತು ಅಡಿಗೂ ಮಿಕ್ಕ ಉದ್ದದ ಕಲ್ಲಿನ ಮೇಲಿರುವ ತೆಲುಗು ಶಾಸನ 1294ರದು. ರಾಯನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಊರೂ ಇತ್ತು, ಕೋಟೆಯೂ ಇತ್ತು. ನನಗೆ ತೋರುವಂತೆ, ಹಳಬರ ಬಾಯಲ್ಲಿ ಕೇಳಿಬರುವ ‘ರಾಚೂರು’ ಎಂಬ ರೂಪವೇ ಹೆಚ್ಚು ನಂಬತಕ್ಕದ್ದು. ‘ರಾಜ’ ಎಂಬುದು ‘ರಾಚ’ ಆಗುವುದಕ್ಕೆ ಗಂಗರ ರಾಚಮಲ್ಲನೇ ಸಾಕ್ಷಿ. ಆ ಮಾತು ಕನ್ನಡದ್ದೋ ತೆಲುಗಿನದೋ ಎಂದು ಜಗಳವಾಡುವವರು ಆಡಿಕೊಳ್ಳಲಿ. ಎರಡೂ ಭಾಷೆ ಒಂದೇ ಬಾವಿಯ ನೀರು ಸೇದಿದ ಊರು ಇದು.

ನನ್ನ ತಕರಾರು ಇರುವುದು ಬೇರೆಡೆ. ಊರೂರಿಗೂ ಪುರಾಣ ಹೊಸೆಯುವ ಉತ್ಸಾಹಿಗಳು, ಶಾಸನಗಳಲ್ಲಿ ಸ್ಪಷ್ಟವಾಗಿ ಕೊರೆದಿಟ್ಟಿರುವ ನಮ್ಮ ನಾಡಿನ ನಿಜವಾದ ಹೆಸರನ್ನು ಮಾತ್ರ ಒಮ್ಮೆಯೂ ಎತ್ತುವುದಿಲ್ಲ. ಆ ಹೆಸರು ಎಡೆದೊರೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕೃಷ್ಣಾ-ತುಂಗಭದ್ರೆಗಳ ನಡುವಣ ಈ ಭೂಭಾಗ ‘ಎಡೆದೊರೆ ಎರಡು ಸಾವಿರ’. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ತಕಾರಕ್ಕೆ ದಕಾರ ಆದೇಶ. ಹೈಸ್ಕೂಲಿನ ಹುಡುಗ ಬಿಡಿಸಬಲ್ಲ ಸಂಧಿ. (‘ದೊರೆ’ ಎಂದೊಡನೆ ಇಲ್ಲೂ ಒಬ್ಬ ಅರಸನನ್ನು ಹುಡುಕಲು ಯಾರೂ ಹೊರಡದಿರಲಿ!) ದೇವದುರ್ಗದ ಬಡಗಣ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ತೆಂಕಣ ಅಂಚಿನಲ್ಲಿ ತುಂಗಭದ್ರೆ. ಹೆಸರಿನ ಅರ್ಥ ತಿಳಿಯಲು ನಿಘಂಟಿಗಿಂತ ಬಸ್ಸಿನ ಕಿಟಕಿಯೇ ಸಾಕು.

ಹಗೆಯೂ ಈ ಹೆಸರನ್ನು ಬಲ್ಲ. ಹನ್ನೊಂದನೆಯ ಶತಮಾನದ ಆದಿಯಲ್ಲಿ ದಂಡೆತ್ತಿ ಬಂದ ರಾಜೇಂದ್ರ ಚೋಳನ ತಮಿಳು ಶಾಸನಗಳು ಗೆದ್ದ ನಾಡುಗಳ ಪಟ್ಟಿಯಲ್ಲಿ ಬನವಾಸಿಯ ಜೊತೆಗೆ ‘ಇಡೈತುರೈ ನಾಡ’ನ್ನು ಹೇಳುತ್ತವೆ. ಮೊದಮೊದಲು ವಿದ್ವಾಂಸರು ಇದನ್ನು ಕಾವೇರಿಯ ದಡದ ಎಡತೊರೆ, ಎಂದರೆ ಈಗಿನ ಕೃಷ್ಣರಾಜನಗರ, ಎಂದು ಭಾವಿಸಿದ್ದರು. ಅಲ್ಲ, ಇದು ರಾಯಚೂರು ಸೀಮೆ ಎಂದು ತಿದ್ದಿದವರು ಫ್ಲೀಟ್. ಪರದೇಶದ ವಿದ್ವಾಂಸರೊಬ್ಬರು ಹುಡುಕಿಕೊಟ್ಟ ನಮ್ಮ ಹೆಸರನ್ನು ನಾವು ನಮ್ಮ ಮಕ್ಕಳ ಪುಸ್ತಕಕ್ಕೆ ತಂದುಕೊಂಡೆವೇ? ಅಲ್ಲಿ ಇಂದಿಗೂ ‘ರಾಯಚೂರು ದೋಆಬ್’!

ಪಾರಸಿ ಮಾತಿನ ಮೇಲೆ ಇಷ್ಟೇಕೆ ಮುನಿಸು ಎಂದು ಕೇಳುವವರುಂಟು. ಮುನಿಸಿಲ್ಲ. ತಾಲೂಕು, ಜಿಲ್ಲೆ, ಕಚೇರಿಗಳಿಲ್ಲದೆ ನನ್ನ ದಿನವೇ ಸಾಗದು. ಉರ್ದುವಿಲ್ಲದೆ ರಾಯಚೂರಿನ ಸಂತೆ ಸಾಗದು. ಆದರೆ ‘ದೋಆಬ್’ ಗಂಗಾ-ಯಮುನೆಗಳ ನಡುವಣ ನೆಲಕ್ಕೆ ರೂಢವಾಗಿದ್ದ ಮಾತು. ಇಂಗ್ಲಿಷ್ ಇತಿಹಾಸಗ್ರಂಥಗಳು ಅದನ್ನು ಇಲ್ಲಿಗೂ ಅಂಟಿಸಿದವು, ನಾವು ಅಂಟಿಸಿಕೊಂಡೆವು. ಆ ಮಾತು ಬಂದಲ್ಲೆಲ್ಲ ಯುದ್ಧವೂ ಬರುತ್ತದೆ: ಬಹಮನಿಗಳಿಗೂ ವಿಜಯನಗರಕ್ಕೂ ‘ದೋಆಬಿಗಾಗಿ’ ಕಾದಾಟ. ಆ ಪುಟಗಳಲ್ಲಿ ನಮ್ಮ ನಾಡು ಪರರು ಬಡಿದಾಡುವ ಬಯಲು ಮಾತ್ರ. ಇಲ್ಲಿ ಬಾಳಿದವರ ಸುಳಿವೇ ಇಲ್ಲ. ಎಡೆದೊರೆಯ ಕಾಲದ ಕಲ್ಲುಗಳನ್ನು ಓದಿದರೆ ಅಗ್ರಹಾರ, ದೇಗುಲ, ಕೆರೆ, ಗದ್ದೆ, ತೆರಿಗೆ, ದಾನ ಕೊಟ್ಟವರು, ಪಡೆದವರು ಎಲ್ಲರೂ ಎದುರಾಗುತ್ತಾರೆ. ದೇವದುರ್ಗದ ಗಬ್ಬೂರಿಗೆ ಒಮ್ಮೆ ಹೋಗಿ ನೋಡಬಹುದು.

ಜನದ ಪ್ರಾಚೀನತೆಗೂ ಪುರಾಣದ ಸಾಲ ಬೇಕಿಲ್ಲ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಅಗೆದ ಆಲ್ಚಿನ್ 1960ರಲ್ಲಿ ಪ್ರಕಟಿಸಿದ ಗ್ರಂಥ, ನವಶಿಲಾಯುಗದಲ್ಲಿ ಇಲ್ಲಿ ದನ ಕಟ್ಟಿ ಬಾಳಿದವರನ್ನು ತೋರಿಸುತ್ತದೆ. ಹಳೆಯ ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ ಸಿಕ್ಕ ತಾಮ್ರದ ಕತ್ತಿಗಳು ಗಂಗಾ ಬಯಲಿನ ಕತ್ತಿಗಳನ್ನು ಹೋಲುತ್ತವೆ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನಕ್ಕಾಗಿ ನೆಲದೊಳಕ್ಕೆ ಇಳಿದಿದ್ದರು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ‘ದೇವಾನಾಂಪ್ರಿಯ’ನೇ ಅಶೋಕನೆಂದು ಜಗತ್ತಿಗೆ ತಿಳಿಸಿತು, ಆ ಮಸ್ಕಿಯ ಹೆಸರು ಚಾಲುಕ್ಯರ ಕಾಲದ ಕಲ್ಲಿನಲ್ಲಿ ಮೊಸಂಗಿ. ದನಗಾಹಿ, ಗಣಿಗಾರ, ದಂಡಿನವ, ಅಗ್ರಹಾರದವ ಎಲ್ಲರೂ ಸೇರಿ ಆದ ಜನ ನಾವು. ಒಬ್ಬನೇ ಮೂಲಪುರುಷನನ್ನು ತೋರಿಸು ಎಂದರೆ ನಾನು ಯಾರನ್ನು ತೋರಿಸಲಿ?

ಇದೆಲ್ಲ ಪಂಡಿತರ ಕಾಲಕ್ಷೇಪವೆಂದು ನಾನೂ ಭಾವಿಸಿದ್ದೆ. ಒಂದು ದಿನ ತರಗತಿಯಲ್ಲಿ ಕೇಳಿದೆ: “ನಿಮ್ಮ ಸೀಮೆಗೆ ಏನೆನ್ನುತ್ತಾರೆ?” ದೇವದುರ್ಗದ ಕಡೆಯ ಹುಡುಗನೊಬ್ಬ ಎದ್ದು, “ಹಿಂದುಳಿದ ಪ್ರದೇಶ ಅಂತಾರ್ರೀ ಸರ್” ಎಂದ. ಯಾರೂ ನಗಲಿಲ್ಲ. ಮೂರು ವರ್ಷ ನಮ್ಮಲ್ಲಿ ಕನ್ನಡ ಓದಿದ ಹುಡುಗ! ನಾಚಬೇಕಾದವನು ಅವನಲ್ಲ.

2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂತು. ಸಂತೋಷವೇ. ಆದರೆ ಕಲ್ಯಾಣ ರಾಜಧಾನಿಯ ಹೆಸರು. ಆ ರಾಜಧಾನಿ ನಮ್ಮ ನೆಲವನ್ನು ಕರೆದ ಹೆಸರು ಮಾತ್ರ ಇನ್ನೂ ಹೊರಗೇ ನಿಂತಿದೆ. 1956ರಲ್ಲಿ ನಮ್ಮ ಜಿಲ್ಲೆಯಿಂದ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಅದೇ ಎರಡು ಹೊಳೆಗಳ ನಡುವಣ ಆ ನೆಲವನ್ನು ಅಲ್ಲಿನವರು ಇಂದಿಗೂ ‘ನಡಿಗಡ್ಡ’ ಎನ್ನುತ್ತಾರೆ. ನಡುವಿನ ನೆಲ ಎಂದೇ ಅರ್ಥ. ಅವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು.

ಪಠ್ಯಪುಸ್ತಕ ರಚಿಸುವ ಮಾನ್ಯರಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಮುದ್ರಣದಲ್ಲಿ ‘ಎಡೆದೊರೆ ನಾಡು’ ಎಂದು ಅಚ್ಚಾಗಲಿ. ‘ದೋಆಬ್’ ಬೇಕೇ ಬೇಕೆಂದರೆ ಕಂಸದೊಳಗೆ ಇರಲಿ.