ಗ್ಯಾರಂಟಿಯ ಫಲ ಅಳೆಯಲು ಗಡಿಯಾಚೆಗೂ ನೋಡಬೇಕು

ಠಾಣೆಯ ವಾಗ್ಳೆ ಎಸ್ಟೇಟ್‌ನ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಎರಡು ಯೋಜನೆಗಳ ಜಗಳ ತಪ್ಪಿದ್ದಲ್ಲ. ಕನ್ನಡಿಗರು ‘ಗೃಹಲಕ್ಷ್ಮಿ’ಯ 2,000 ರೂಪಾಯಿಯ ಮಾತೆತ್ತಿದರೆ, ಮರಾಠಿ ಸಹೋದ್ಯೋಗಿಗಳು ‘ಲಾಡ್ಕಿ ಬಹಿಣ್’ನ 1,500ರ ಲೆಕ್ಕ ತೆಗೆಯುತ್ತಾರೆ. ಹಣ ಪೋಲಾಯಿತು ಎಂದು ಒಬ್ಬರು, ಮನೆ ಉಳಿಯಿತು ಎಂದು ಇನ್ನೊಬ್ಬರು. ಇಬ್ಬರ ಬಳಿಯೂ ತಮ್ಮೂರಿನ ಒಂದೆರಡು ಉದಾಹರಣೆಗಳಿವೆ, ಪುರಾವೆ ಇಲ್ಲ.

ಕರ್ನಾಟಕದ 2025-26ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ ಹಣ ಸುಮಾರು 51 ಸಾವಿರ ಕೋಟಿ ರೂಪಾಯಿ. ಇಷ್ಟು ಹಣದಿಂದ ಏನು ಬದಲಾಯಿತು? ‘ನಿಮಗೆ ಉಪಯೋಗವಾಗಿದೆಯೇ’ ಎಂದು ಫಲಾನುಭವಿಗಳನ್ನೇ ಕೇಳಿದರೆ ಇಲ್ಲ ಎನ್ನುವವರು ಯಾರು? ಹಿಂದಿನ ವರ್ಷದೊಂದಿಗೆ ಹೋಲಿಸೋಣವೆಂದರೆ, 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಗಿತ್ತು. ಮನೆಯ ಖರ್ಚಿನ ಏರಿಳಿತದಲ್ಲಿ ಬರದ ಪಾಲೆಷ್ಟು, ಯೋಜನೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಹಣ ಬಾರದಿದ್ದರೆ ಅದೇ ಮನೆ ಹೇಗಿರುತ್ತಿತ್ತು ಎಂಬುದು ಗೊತ್ತಾಗಬೇಕು. ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹೋಲಿಕೆಗೆ ಇನ್ನೊಂದು ಮನೆ ಬೇಕು.

ಸಾಫ್ಟ್‌ವೇರ್‌ನಲ್ಲಿ ಹೊಸ ಸೌಲಭ್ಯ ತರುವ ಮೊದಲು ನಾವು ಬಳಕೆದಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಅದನ್ನು ಕೊಟ್ಟು ನೋಡುತ್ತೇವೆ. ಸಮಾಜ ವಿಜ್ಞಾನದಲ್ಲೂ ಇದು ಹೊಸದಲ್ಲ. ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳಲ್ಲಿ ಬಡತನ ರೇಖೆಗಿಂತ ಮೇಲಿನ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳ ಮೇಲೆ ‘ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ’ದ ಪ್ರಯೋಗ ಹೀಗೆಯೇ ನಡೆಯಿತು. ಕೆಲವರಿಗೆ ವಿಮೆ ಉಚಿತ, ಕೆಲವರಿಗೆ ಬೆಲೆಗೆ, ಕೆಲವರಿಗೆ ಬೆಲೆಯ ಜೊತೆ ಒಂದಿಷ್ಟು ನಗದು, ಉಳಿದವರಿಗೆ ಏನೂ ಇಲ್ಲ. ಉಚಿತ ಎಂದಾಗ ನೂರಕ್ಕೆ 79 ಕುಟುಂಬಗಳು, ಬೆಲೆ ಇಟ್ಟಾಗಲೂ 60 ಕುಟುಂಬಗಳು ವಿಮೆ ಪಡೆದವು. ಬಳಕೆ ಹೆಚ್ಚಿತು; ಆದರೆ ವಿಮೆಯಿದ್ದೂ ಬಳಸಲಾಗದವರು ಅನೇಕರಿದ್ದರು. ಆರೋಗ್ಯದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಚೀಟಿ ಎತ್ತದೆ ವಿಮೆ ಕೊಂಡವರನ್ನು, ಕೊಳ್ಳದವರನ್ನು ಸುಮ್ಮನೆ ಹೋಲಿಸಿದ್ದರೆ ಲೆಕ್ಕ ತಪ್ಪುತ್ತಿತ್ತು. ಕಾಯಿಲೆಯ ಭಯ ಇರುವವರೇ ಮೊದಲು ವಿಮೆ ಕೊಳ್ಳುತ್ತಾರೆ.

ಗ್ಯಾರಂಟಿಗಳು ಇಡೀ ರಾಜ್ಯಕ್ಕೆ ಒಟ್ಟಿಗೇ ಬಂದವು. ಚೀಟಿಯ ಅವಕಾಶ ಹೋಯಿತು. ಆದರೆ ಗಡಿ ಇದೆ. ಸಾಂಗ್ಲಿಯ ಜತ್ತ, ಸೊಲ್ಲಾಪುರದ ಅಕ್ಕಲಕೋಟೆಯ ಕನ್ನಡದ ಹಳ್ಳಿಗಳಿಗೂ ವಿಜಯಪುರ, ಕಲಬುರಗಿಯ ಹಳ್ಳಿಗಳಿಗೂ ಮಾತು, ಜೋಳ, ಮಳೆಯ ಕಣ್ಣಾಮುಚ್ಚಾಲೆ ಹೆಚ್ಚುಕಡಿಮೆ ಒಂದೇ. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ರಂದು. ಲಾಡ್ಕಿ ಬಹಿಣ್‌ನ ಮೊದಲ ಹಣ ಖಾತೆಗೆ ಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಸುಮಾರು ಒಂದು ವರ್ಷ ಈಚೆ ಹಣವಿತ್ತು, ಆಚೆ ಇರಲಿಲ್ಲ.

ಅದೃಷ್ಟಕ್ಕೆ ಕೇಂದ್ರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಒಂದು ಸುತ್ತು 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ, ಮುಂದಿನದು 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ನಡೆದಿದೆ. ದೇಶದಾದ್ಯಂತ ಪ್ರತಿ ಸುತ್ತಿನಲ್ಲೂ ಸುಮಾರು 2.6 ಲಕ್ಷ ಕುಟುಂಬಗಳು. ಹೆಸರು ತೆಗೆದ ಈ ಮಾಹಿತಿ ಸಾರ್ವಜನಿಕವಾಗಿಯೇ ಸಿಗುತ್ತದೆ. ಲೆಕ್ಕ ಸರಳ. ಆಹಾರದ ಖರ್ಚು ಈಚೆ ನೂರಕ್ಕೆ 10ರಷ್ಟು, ಆಚೆ 6ರಷ್ಟು ಏರಿತೆಂದು ಇಟ್ಟುಕೊಳ್ಳಿ; ಯೋಜನೆಯ ಲೆಕ್ಕಕ್ಕೆ ಬರಬಹುದಾದದ್ದು ಉಳಿದ 4 ಮಾತ್ರ.

ಎಚ್ಚರವೂ ಬೇಕು. ‘ಶಕ್ತಿ’ 2023ರ ಜೂನ್‌ನಲ್ಲೇ ಬಂದಿತ್ತು, ಮಹಾರಾಷ್ಟ್ರದ ಬಸ್ಸುಗಳಲ್ಲಿ ಮಹಿಳೆಯರಿಗೆ ಆ ಮಾರ್ಚ್‌ನಿಂದಲೇ ಅರ್ಧ ಟಿಕೆಟ್. ಹಾಗಾಗಿ ಸಿಗುವ ಅಂಕಿ ಗೃಹಲಕ್ಷ್ಮಿಯೊಂದರದ್ದಲ್ಲ. ಯೋಜನೆಗೆ ಮುಂಚೆ ಎರಡೂ ಕಡೆ ಒಂದೇ ದಾರಿಯಲ್ಲಿ ಸಾಗುತ್ತಿದ್ದವೇ ಎಂದು ನೋಡಲು ಒಂದು ಸುತ್ತು ಸಾಲದು. ಜಿಲ್ಲೆಗೆ ಸಿಗುವ ಕುಟುಂಬಗಳೂ ಕಡಿಮೆ; ತಪ್ಪಿನ ಅಂದಾಜನ್ನು ಅಂಕಿಯ ಪಕ್ಕದಲ್ಲೇ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಖರ್ಚು ನೋಡುತ್ತೇವೆಂದು ಮೊದಲೇ ಘೋಷಿಸಬೇಕು. ಯಾವ ಪರಿಣಾಮವೂ ಇಲ್ಲದಾಗಲೂ ನೂರು ಬಾಬ್ತು ತಡಕಿದರೆ ಸರಾಸರಿ ಐದು ಬರೀ ಆಕಸ್ಮಿಕವಾಗಿ ‘ಮಹತ್ವದ’ ಬದಲಾವಣೆಯಂತೆ ಕಾಣುತ್ತವೆ. ಆಳುವವರು ಎರಡನ್ನು, ವಿರೋಧಿಗಳು ಮೂರನ್ನು ಆರಿಸಿಕೊಳ್ಳುತ್ತಾರೆ.

ಮುಂದಿನ ಯೋಜನೆಗಾದರೂ ಈ ಪಾಡು ಬೇಡ. ಮೆಕ್ಸಿಕೊ 1997ರಲ್ಲಿ ‘ಪ್ರೊಗ್ರೆಸಾ’ ಎಂಬ ನಗದು ಯೋಜನೆ ಆರಂಭಿಸಿದಾಗ ಅಧ್ಯಯನಕ್ಕೆ ಆಯ್ದ 506 ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ 320ಕ್ಕೆ ಮೊದಲು, 186ಕ್ಕೆ ಆಮೇಲೆ ಹಣ ಕೊಟ್ಟಿತು. ಯಾರಿಗೂ ಶಾಶ್ವತವಾಗಿ ತಪ್ಪಲಿಲ್ಲ, ಹೋಲಿಕೆಯೂ ಸಿಕ್ಕಿತು. ನಮ್ಮಲ್ಲೂ ಅನೇಕ ಯೋಜನೆಗಳು ಹಂತ ಹಂತವಾಗಿಯೇ ಊರು ತಲುಪುತ್ತವೆ. ಯಾವ ತಾಲ್ಲೂಕು ಮೊದಲು ಎಂಬುದನ್ನು ಶಾಸಕರ ಒತ್ತಡಕ್ಕೆ ಬಿಡದೆ ಚೀಟಿ ಎತ್ತಿ ನಿರ್ಧರಿಸಿದರೆ ಬೊಕ್ಕಸಕ್ಕೆ ಹೆಚ್ಚಿನ ಹೊರೆಯೇನೂ ಇಲ್ಲ. ತೆರಿಗೆ ಕಟ್ಟುವವರಿಗೂ ಹಣ ಪಡೆಯುವ ತಾಯಂದಿರಿಗೂ ಅಷ್ಟು ಲೆಕ್ಕ ಕೇಳುವ ಹಕ್ಕಿದೆ.