ಎಲ್ಲಾ ಮೊಬೈಲ್ ಹುಚ್ಚು ಅಂದುಬಿಟ್ಟರೆ ಆಯ್ತಾ?

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಮುಂಡರಗಿ ತಾಲೂಕಿನ ಸಿಂಗಟಾಲೂರು. ವೀರಭದ್ರೇಶ್ವರನ ಗುಡಿ ಹತ್ರ ಕೂತಿದ್ದಾಗ ಮಾತು ನಮ್ಮ ಬಳಗದ ಹುಡುಗಿಯೊಬ್ಬಳ ಕಡೆ ಹೊರಳಿತು. ಒಂಬತ್ತನೇ ಕ್ಲಾಸು. ತನಗೆ ತಾನೇ ಗಾಯ ಮಾಡಿಕೊಳ್ತಾಳಂತೆ.

"ಏನ್ ಕಡಿಮಿ ಆಗೇತಿ ಅಕಿಗೆ? ಎಲ್ಲಾ ಮೊಬೈಲ್ ಹುಚ್ಚು. ನಾಕ್ ಬಾರಿಸಿದ್ರ ಸರಿ ಹೊಕ್ಕಾಳ" ಅಂದ್ರು ಹಿರಿಯರೊಬ್ಬರು. ಎಲ್ಲರೂ ತಲೆಯಾಡಿಸಿದರು. ನಾನೂ ಸುಮ್ಮನಿದ್ದೆ. ಆ ನಾಚಿಕೆಗೇ ಇದನ್ನು ಬರೀತಿದ್ದೀನಿ.

ಮೊಬೈಲಿನದು ಏನೂ ತಪ್ಪಿಲ್ಲ ಅಂತಲ್ಲ. ಆದರೆ ನಮ್ಮ ಕಡೆ ಮೊಬೈಲ್ ಮೊದಲು ಸಿಗೋದು ಯಾರಿಗೆ? ಗಂಡು ಹುಡುಗನಿಗೆ. ಈಗ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕ ನೋಡಿ. ದೇಶದಲ್ಲಿ ಆತ್ಮಹತ್ಯೆಯಿಂದ ಹೋದವರು 1.7 ಲಕ್ಷಕ್ಕೂ ಹೆಚ್ಚು, ಹತ್ತರಲ್ಲಿ ಏಳು ಜನ ಗಂಡಸರು. ಆದರೆ 18ರ ಒಳಗಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಹೆಣ್ಣುಮಕ್ಕಳೇ ಜಾಸ್ತಿ! ಬರೀ ಮೊಬೈಲೇ ಕಾರಣವಾಗಿದ್ದರೆ ಈ ಲೆಕ್ಕ ಹೀಗೆ ಇರ್ತಿತ್ತಾ? ಅದೂ ಸಾವಿನ ಲೆಕ್ಕ ಮಾತ್ರ. ಮನೆಯೊಳಗೆ ಮುಚ್ಚಿಟ್ಟ ಗಾಯಗಳನ್ನು ಯಾರೂ ಎಣಿಸಿಲ್ಲ.

ಆ ಹುಡುಗಿಯ ಅಪ್ಪ ಅವ್ವ ದುಡಿಯೋಕೆ ಗೋವಾದಲ್ಲಿದ್ದಾರೆ. ಅಜ್ಜಿ ಜೊತೆ ಇವಳೊಬ್ಬಳೇ. ಎಸ್ಸೆಸ್ಸೆಲ್ಸಿ ಆದಕೂಡಲೇ ಮದುವೆ ಅನ್ನೋ ಮಾತು ಈಗಲೇ ಶುರುವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 20-24 ವಯಸ್ಸಿನ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗೆ 18 ತುಂಬೋ ಮೊದಲೇ ಮದುವೆ ಆಗಿತ್ತು. "ಏನ್ ಕಡಿಮಿ ಆಗೇತಿ" ಅಂತ ಕೇಳೋರು ಇದನ್ನೂ ಕೇಳಬೇಕಲ್ವಾ?

ಹೀಗೆ ಮಾಡಿಕೊಳ್ಳೋ ಎಷ್ಟೋ ಮಕ್ಕಳಿಗೆ ಸಾಯೋ ಆಸೆ ಇರೋದಿಲ್ಲ. ಒಳಗಿನ ಸಂಕಟ ತಡೆಯೋಕಾಗದೆ ಹಾಗೆ ಮಾಡಿಕೊಳ್ತಾರೆ. ಹಾಗಂತ ನಾಟಕ ಅನ್ನೋ ಹಾಗಿಲ್ಲ, ಮುಂದೆ ಜೀವಕ್ಕೇ ಅಪಾಯ ಆಗೋ ಸಂಭವ ಇಂಥವರಲ್ಲಿ ಹೆಚ್ಚು. ಗಂಡು ಹುಡುಗರು ಮಾಡಿಕೊಂಡ್ರೆ "ಸಿಟ್ಟಿನವ" ಅಂತ ಬಿಟ್ಬಿಡ್ತೀವಿ. ಅವರದ್ದೂ ಇದೇ ಕಥೆ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ನಮ್ಮೂರ ಹೊಳೆ ದಾಟಿದರೆ ಹಡಗಲಿ ತಾಲೂಕು, ಆಗಿನ ಬಳ್ಳಾರಿ ಜಿಲ್ಲೆ. ನಿಮ್ಹಾನ್ಸ್‌ನವರು 1985ರಲ್ಲಿ ಹಳ್ಳಿ ಹಳ್ಳಿಗೂ ಮನಸ್ಸಿನ ಚಿಕಿತ್ಸೆ ಮುಟ್ಟಿಸೋ ಪ್ರಯೋಗ ಶುರು ಮಾಡಿದ್ದು ಆ ಬಳ್ಳಾರಿಯಲ್ಲೇ. 1996ರಲ್ಲಿ ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯ್ತು. ಹೊಳೆಯ ಈ ದಂಡೆಯಲ್ಲಿ ಕೂತ ನಾವು ಇನ್ನೂ "ನಾಕ್ ಬಾರಿಸಿದ್ರ" ಅಂತಿದ್ದೀವಿ!

"ಪೊಲೀಸ್ ಕೇಸ್ ಆಗ್ತೈತಿ" ಅಂತ ಮುಚ್ಚಿಡೋರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಅಲ್ಲ, ಆರೈಕೆ ಕೊಡಬೇಕು. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಹಳೇ 309ನೇ ಕಲಮೂ ಇಲ್ಲ.

ಮರುದಿನ ಅವರ ಮನೆಗೆ ಹೋದೆ. ಗಾಯ ತೋರಿಸು ಅನ್ನಲಿಲ್ಲ, ಬುದ್ಧಿನೂ ಹೇಳಲಿಲ್ಲ. "ಭಾಳ ತ್ರಾಸ ಆಗಾಕತ್ತೈತೇನವಾ?" ಅಂದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ "ಹೂಂ" ಅಂದಳು. ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಟೆಲಿ ಮಾನಸ್‌ಗೆ ಫೋನ್ ಹಚ್ಚಿದ್ವಿ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ.

ನಿಮ್ಮ ಬಳಗದಲ್ಲೂ ಇಂಥ ಒಂದು ಮಗು ಇರಬಹುದು. ಕಟ್ಟೆ ಮೇಲೆ ಅದರ ಮಾತು ಬಂದಾಗ ನನ್ನ ಹಾಗೆ ಸುಮ್ಮನೆ ಕೂರಬೇಡಿ. ಏನಂತೀರಿ?